ಮನಸೂರೆ, ಊರುಸೂರೆ

ವಿಜಯಪುರದ ಶೆರ್ಜಾ ಬುರುಜಿನ ಮೆಟ್ಟಿಲು ಹತ್ತಿ ಹೋದವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ: ಮಲಿಕ್-ಎ-ಮೈದಾನ ತೋಪಿನ ಮೈ ಮುಟ್ಟಲು ಕೈ ಚಾಚುವುದು. ಏಪ್ರಿಲ್ ಬಿಸಿಲಿನಲ್ಲೂ ಅದು ತಣ್ಣಗಿರುತ್ತದೆ ಎಂಬ ಮಾತು ಊರಲ್ಲಿದೆ. ಬಡಿದರೆ ಗಂಟೆಯ ನಾದ ಬರುತ್ತದೆ ಎಂಬ ಮಾತೂ ಇದೆ. ಈ ಗಡಿಬಿಡಿಯಲ್ಲಿ ತೋಪಿನ ಬಾಯಿಯ ಕೆತ್ತನೆಯನ್ನು ನಿಂತು ನೋಡುವವರು ಕಡಿಮೆ. ಬಾಯಿ ಕಿಸಿದ ಮೃಗವೊಂದರ ತಲೆ ಅದು. ಸಿಂಹವೆನ್ನಿ, ಯಾಳಿಯೆನ್ನಿ. ದವಡೆಯ ಎರಡೂ ಬದಿಗೆ, ಕೋರೆಹಲ್ಲುಗಳ ನಡುವೆ, ಒಂದೊಂದು ಆನೆ ಸಿಕ್ಕಿಕೊಂಡಿದೆ. ದಖ್ಖನಿನ ಕಾಳಗಗಳಲ್ಲಿ ಗೆದ್ದ ಸುಲ್ತಾನ ಮೊದಲು ಎಣಿಸಿಕೊಳ್ಳುತ್ತಿದ್ದುದು ಸೋತವನ ಆನೆಗಳನ್ನು. ಅದನ್ನು ಬಲ್ಲ ಕೈಯೇ ಈ ಅಚ್ಚು ಮಾಡಿದೆ.

ತೋಪು ನಮ್ಮೂರಿನದಲ್ಲ. 1549ರಲ್ಲಿ ಅಹ್ಮದನಗರದ ನಿಜಾಮಶಾಹಿಗಾಗಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬಾತ ಎರಕ ಹೊಯ್ದದ್ದು. ನಾಲ್ಕೂವರೆ ಮೀಟರಿನಷ್ಟು ಉದ್ದ, 55 ಟನ್ ತೂಕ. 1632ರಲ್ಲಿ ಪರಾಂಡ ಕೋಟೆಯಿಂದ ಯುದ್ಧದ ಗಳಿಕೆಯಾಗಿ ಇಲ್ಲಿಗೆ ಬಂತು. ಹತ್ತು ಆನೆ, ನಾನೂರು ಎತ್ತು ಕಟ್ಟಿ ಎಳೆಸಿದರು ಎನ್ನುತ್ತಾರೆ. ಆಮೇಲೆ ಔರಂಗಜೇಬ ಬಂದ. ವಿಜಯಪುರವನ್ನು ಗೆದ್ದೆ, ಮೈದಾನದ ಒಡೆಯನನ್ನು ಹಿಡಿದೆ ಎಂಬ ಅರ್ಥ ಬರುವಂತೆ ತನ್ನ ಬರಹವನ್ನೂ ಅದೇ ಮೈಮೇಲೆ ಕೆತ್ತಿಸಿದ. 1854ರಲ್ಲಿ ಇಂಗ್ಲಿಷರು ಕೆಲಸಕ್ಕೆ ಬಾರದ ಸಾಮಾನೆಂದು ಹರಾಜಿಗಿಟ್ಟರೆ ಮೇಲಿನ ಸವಾಲು ಬಂದದ್ದು 150 ರೂಪಾಯಿ! ಇಷ್ಟು ಕಡಿಮೆಗೆ ಕೊಡುವುದು ಬೇಡವೆಂದು ಯಾರಿಗೋ ಅನ್ನಿಸಿ ಹರಾಜು ರದ್ದಾಯಿತು, ತೋಪು ಉಳಿಯಿತು.

ಕನ್ನಡದಲ್ಲಿ ಒಂದು ವಿಚಿತ್ರವಿದೆ. ಒಳ್ಳೆಯ ಚಿತ್ರ ನೋಡಿದರೆ, ಒಳ್ಳೆಯ ಹಾಡು ಕೇಳಿದರೆ ‘ಮನಸೂರೆಗೊಂಡಿತು’ ಎನ್ನುತ್ತೇವೆ. ಸೂರೆ ಎಂದರೆ ಕೊಳ್ಳೆ. ಊರನ್ನು ಸೂರೆಗೊಂಡರೆ ಪಾಪ, ಮನಸ್ಸನ್ನು ಸೂರೆಗೊಂಡರೆ ಕಲೆ. (ಕರಾವಳಿಯವರು ಇನ್ನೂ ಒಂದು ಹೆಜ್ಜೆ ಮುಂದೆ: ತಂಟೆ ಮಾಡುವ ಮಗುವಿಗೆ ‘ಲೂಟಿ ಮಾಡಬೇಡ’ ಎಂದು ಗದರುತ್ತಾರೆ.) ಈ ಮಾತಿನ ತಮಾಷೆಯನ್ನು ಬೆನ್ನಟ್ಟಿ ಹೊರಟರೆ ನನಗೆ ಎದುರಾದದ್ದು ಒಂದು ಕೊರತೆ. ಸೂರೆಯ ಹಣದಲ್ಲಿ ಎದ್ದ ಕಟ್ಟಡಗಳು, ಸೂರೆಯಾಗಿ ಬಂದ ವಸ್ತುಗಳು, ಸೂರೆ ಮಾಡಿದವರ ಭಾವಚಿತ್ರಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆದರೆ ಸೂರೆ ನಡೆಯುತ್ತಿರುವಾಗಿನ ಗಳಿಗೆಯನ್ನು, ಬಾಗಿಲು ಒಡೆಯುವ ಕೈಯನ್ನು, ದನ ಹೊಡೆದುಕೊಂಡು ಹೋಗುವವನ ಕೋಲನ್ನು, ಬರೆದವರು ಯಾರು? ಅರಮನೆಯ ಕಲೆಯಲ್ಲಿ ನಾನು ಹುಡುಕಿದ್ದಷ್ಟೇ ಬಂತು.

ಕರ್ನಾಟಕದಲ್ಲಿ ಸೂರೆ ಎಂದೊಡನೆ ಎಲ್ಲರ ಬಾಯಿಗೆ ಬರುವುದು ತಾಳಿಕೋಟೆ. ಮೊದಲೇ ಒಂದು ಮಾತು: ತಾಳಿಕೋಟೆ ಬೇರೆ, ತಿಕೋಟಾ ಬೇರೆ. ಎರಡೂ ನಮ್ಮ ಜಿಲ್ಲೆಯವೇ. ದಕ್ಷಿಣದ ಕಡೆಯಿಂದ ಬಂದವರು ತಿಕೋಟಾದಲ್ಲಿ ಬಸ್ಸಿಳಿದು ರಣರಂಗ ಯಾವ ದಿಕ್ಕಿಗೆ ಎಂದು ಕೇಳಿದರೆ ಅಲ್ಲಿಯವರು ನಕ್ಕು ದ್ರಾಕ್ಷಿ ತೋಟ ತೋರಿಸಿಯಾರು. 1565ರ ಜನವರಿ 23ರ ಕಾಳಗ ನಡೆದದ್ದು ಕೃಷ್ಣಾ ತೀರದಲ್ಲಿ. ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರು ಹಿಡಿದೂ ಅದನ್ನು ಕರೆಯುತ್ತಾರೆ. ದಖ್ಖನಿನ ಸುಲ್ತಾನರ ಎದುರು ವಿಜಯನಗರದ ದಂಡು ಸೋತಿತು, ಅದನ್ನು ನಡೆಸಿದ ಅಳಿಯ ರಾಮರಾಯನ ತಲೆ ಉರುಳಿತು, ಅವನ ತಮ್ಮ ತಿರುಮಲ ಹಂಪಿಯ ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಗೆ ಹೋದ. ಮುಂದಿನದು ಹಂಪಿಯ ಸರದಿ.

ಆ ಕಾಳಗದ ಚಿತ್ರಗಳಿವೆ. ಅಹ್ಮದನಗರದ ಹುಸೇನ್ ನಿಜಾಮಶಾಹನ ಗೆಲುವನ್ನು ಕೊಂಡಾಡಿ ಅಫ್ತಾಬಿ ಎಂಬ ಕವಿ ಬರೆದ ‘ತಾರೀಫ್-ಎ-ಹುಸೇನ್‌ಶಾಹಿ’ಯ ಸಚಿತ್ರ ಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ದಖ್ಖನಿನಿಂದ ನಮಗೆ ಉಳಿದಿರುವ ಅತಿ ಹಳೆಯ ಚಿತ್ರಗಳ ಸಾಲಿಗೆ ಸೇರುವಂಥವು. ಅದರಲ್ಲಿ ರಾಮರಾಯನ ಶಿರಚ್ಛೇದವಿದೆ. ಸುಲ್ತಾನನ ಪಕ್ಕ ರಾಣಿ ಖಾನ್‌ಜಾದಾ ಹುಮಾಯೂನ್ ಕುಳಿತಿದ್ದ ಚಿತ್ರಗಳೂ ಇವೆ. ಅವಳ ಮಗ ಅವಳನ್ನು ಅಧಿಕಾರದಿಂದ ಇಳಿಸಿದ ಮೇಲೆ ಅವಳ ಆಕೃತಿಯ ಮೇಲೆಯೇ ಬಣ್ಣ ಬಳಿದುಬಿಟ್ಟಿದ್ದಾರೆ. ಒಂದು ಗೆಲುವಿನ ಪುಸ್ತಕದಲ್ಲಿ ಎರಡು ತಲೆಗಳು ಹೋಗಿವೆ. ಒಂದು ಕತ್ತಿಯಿಂದ, ಇನ್ನೊಂದು ಕುಂಚದಿಂದ. ಆದರೆ ಹಂಪಿಯ ಬಜಾರಿನಲ್ಲಿ ನಡೆದದ್ದು ಈ ಪುಟಗಳಿಗೆ ಬಂದಿಲ್ಲ.

ಚಿತ್ರಕಾರ ಬಿಟ್ಟದ್ದನ್ನು ಬರೆಹಗಾರ ಹೇಳಿದ. ವಿಜಯಪುರದ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫೆರಿಷ್ತಾ ಮುಚ್ಚುಮರೆ ಮಾಡುವುದಿಲ್ಲ. ತೋಪುಗಳಿಗೆ ಗುಂಡಿನ ಬದಲು ತಾಮ್ರದ ದುಡ್ಡಿನ ಚೀಲ ತುಂಬಿ ಹಾರಿಸಿದ್ದನ್ನು ಅವನು ಬರೆಯುತ್ತಾನೆ. ಸೂರೆ ಎಷ್ಟಿತ್ತೆಂದರೆ ದಂಡಿನ ಸಾಮಾನ್ಯ ಆಳೂ ಚಿನ್ನ, ರತ್ನ, ಡೇರೆ, ಕುದುರೆ, ಗುಲಾಮರಿಂದ ಸಿರಿವಂತನಾದ. ಸಿಕ್ಕಿದ್ದು ಸಿಕ್ಕವನಿಗೆ ಬಿಟ್ಟು ಸುಲ್ತಾನರು ಆನೆಗಳನ್ನಷ್ಟೇ ತಮಗೆ ಇಟ್ಟುಕೊಂಡರು ಎನ್ನುತ್ತಾನೆ. ದುಡ್ಡನ್ನೇ ಗುಂಡಾಗಿ ಹಾರಿಸಿದವರಿಗೆ ಸಂಜೆಗೆ ಬಡ್ಡಿ ಸಮೇತ ತಿರುಗಿ ಬಂದ ಲೆಕ್ಕ. ಎರಡು ವರ್ಷದ ಮೇಲೆ, 1567ರಲ್ಲಿ, ಹಂಪಿಗೆ ಬಂದ ವೆನಿಸಿನ ವರ್ತಕ ಚೇಸರೆ ಫೆದೆರಿಚಿ ಕಂಡದ್ದು ನಿಂತ ಮನೆಗಳನ್ನು, ಒಳಗೆ ಸೇರಿಕೊಂಡ ಕಾಡುಮೃಗಗಳನ್ನು.

ವಿಜಯಪುರ ಮಾತ್ರ ತನ್ನದೇ ರೀತಿಯಲ್ಲಿ ಒಂದು ಶಿಲ್ಪ ಮಾಡಿತ್ತು. ಕೋಟೆಯ ಒಳಗಿನ ಚರಂಡಿಯೊಂದರ ಬಾಯಿಗೆ ರಾಮರಾಯನ ಕಲ್ಲಿನ ತಲೆ ಇಟ್ಟಿದ್ದರು ಎಂದು ಫೆರಿಷ್ತಾನನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್ 19ನೇ ಶತಮಾನದ ಆರಂಭದಲ್ಲಿ ಬರೆದ. ನಿಜವಾದ ತಲೆಯನ್ನು ಅಹ್ಮದನಗರದಲ್ಲಿ ವರ್ಷಕ್ಕೊಮ್ಮೆ ಎಣ್ಣೆ, ಕೆಂಪು ಬಣ್ಣ ಹಚ್ಚಿ ತೋರಿಸುತ್ತಿದ್ದರು ಎಂದೂ ಸೇರಿಸಿದ. ಬ್ರಿಗ್ಸ್ ಕಂಪನಿಯ ಅಧಿಕಾರಿ. ಹಿಂದಿನ ದೊರೆಗಳನ್ನು ಕಪ್ಪಾಗಿ ತೋರಿಸುವುದು ಅವನ ಕಾಲದ ಇಂಗ್ಲಿಷರಿಗೆ ಹಿಡಿಸಿದ ಕೆಲಸ ಎಂಬುದನ್ನು ನೆನಪಿಟ್ಟೇ ಓದಬೇಕು. ಆದರೂ ಈ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವಮಾನವಲ್ಲ, ಕೆಲಸಗಾರಿಕೆ. ಸೋತವನ ಮುಖವನ್ನು ನೆನಪಿನಿಂದಲೋ ಊಹೆಯಿಂದಲೋ ಕಲ್ಲಿನಲ್ಲಿ ಬಿಡಿಸಲು ಯಾರೋ ಒಬ್ಬ ಕಲ್ಲುಕುಟಿಗ ವಾರಗಟ್ಟಲೆ ಕುಳಿತಿದ್ದಾನೆ. ಅವನಿಗೆ ಕೂಲಿ ಎಷ್ಟು ಸಿಕ್ಕಿತೋ.

ಹಂಪಿಯವರೇನೂ ಸುಮ್ಮನಿದ್ದವರಲ್ಲ. ಕೃಷ್ಣದೇವರಾಯ ಗಜಪತಿಗಳಿಂದ ಉದಯಗಿರಿ ಗೆದ್ದಾಗ ಅಲ್ಲಿಯ ಬಾಲಕೃಷ್ಣನ ಮೂರ್ತಿಯನ್ನು ತಂದು ಹಂಪಿಯಲ್ಲಿ ನೆಲೆಗೊಳಿಸಿ ದೊಡ್ಡ ಕೃಷ್ಣ ದೇವಾಲಯವನ್ನೇ ಕಟ್ಟಿಸಿದ. ಅದರ ಮೂಡಣ ಗೋಪುರದ ಗಾರೆಗೊಂಬೆಗಳಲ್ಲಿ ಆ ದಂಡಯಾತ್ರೆಯೇ ಇದೆ: ಗುರಾಣಿ ಹಿಡಿದವರು, ಕುದುರೆ ಸವಾರರು, ಆನೆಗಳು. ಮೂರ್ತಿಯನ್ನು ಪೀಠದಿಂದ ಎತ್ತಿದ ಗಳಿಗೆ ಆ ಗೋಪುರದಲ್ಲಿ ನನಗೆ ಸಿಕ್ಕಿಲ್ಲ. ಕೆಡವಿದರೆ ಸೂರೆ, ತಂದು ಪೂಜಿಸಿದರೆ ಭಕ್ತಿ; ನಡುವಿನ ದಾರಿಯ ಚಿತ್ರ ಯಾರಿಗೂ ಬೇಡ. ಆ ಬಾಲಕೃಷ್ಣ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಅವನ ಊರುಗಳ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೆ.

ವಿಜಯಪುರದಿಂದ ತಿಕೋಟಾ ರಸ್ತೆ ಹಿಡಿದರೆ ನಾಲ್ಕೈದು ಕಿಲೋಮೀಟರಿಗೇ ತೊರವಿ. ಕನ್ನಡ ಓದುಗರಿಗೆ ಅದು ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ಊರು, ನರಸಿಂಹನ ಊರು. ಎರಡನೆಯ ಇಬ್ರಾಹಿಂ ಆದಿಲಶಾಹ ಇಲ್ಲೇ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಿಸತೊಡಗಿದ. ‘ಕಿತಾಬ್-ಎ-ನವರಸ’ ಬರೆದ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದ, ಆತಷ್‌ಖಾನ್ ಎಂಬ ಆನೆಯನ್ನು ಹಾಡಿನಲ್ಲೂ ಹೊಗಳಿದ ದೊರೆ. ಇಂಥವನ ಕನಸಿನ ಪಟ್ಟಣ ಕಾಲು ಶತಮಾನವೂ ಬಾಳಲಿಲ್ಲ. 1624ರ ಭಾತವಡಿ ಕಾಳಗದಲ್ಲಿ ಆದಿಲಶಾಹಿ, ಮೊಗಲ ದಂಡುಗಳನ್ನು ಒಟ್ಟಿಗೆ ಸೋಲಿಸಿದ ಅಹ್ಮದನಗರದ ಮಲಿಕ್ ಅಂಬರ್ ನೇರ ಇಲ್ಲಿಗೆ ನುಗ್ಗಿ ನವರಸಪುರವನ್ನು ಕೊಳ್ಳೆ ಹೊಡೆದ. ಕಟ್ಟಿ ಮುಗಿಯದ ಪಟ್ಟಣ ಹಾಗೇ ಹಾಳುಬಿತ್ತು. ಸಂಗೀತ ಮಹಲಿನ ಎತ್ತರದ ಕಮಾನುಗಳು ಈಗಲೂ ಹೊಲಗಳ ನಡುವೆ ನಿಂತಿವೆ. ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲುವುದಿಲ್ಲ. ಹಾಕಲು ಇನ್ನೂ ದಿಡ್ಡಿ ಬಾಗಿಲೇ ಆಗಿರಲಿಲ್ಲವೇನೋ.

ಇದೇ ಮಲಿಕ್ ಅಂಬರನ ತಲೆ ಬಹಳ ಪ್ರಸಿದ್ಧವಾದ ಒಂದು ಚಿತ್ರದಲ್ಲಿದೆ. ಜಹಾಂಗೀರನ ಕಲಾವಿದ ಅಬುಲ್ ಹಸನ್ ಬರೆದದ್ದು, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಭೂಗೋಳದ ಮೇಲೆ ನಿಂತ ಬಾದಶಹ ಭರ್ಚಿಯ ತುದಿಗೆ ಚುಚ್ಚಿದ ಅಂಬರನ ತಲೆಗೆ ಬಾಣ ಹೊಡೆಯುತ್ತಿದ್ದಾನೆ. ನಡೆದದ್ದೇ ಬೇರೆ. ಜಹಾಂಗೀರನ ಕೈಗೆ ಅಂಬರ್ ಒಮ್ಮೆಯೂ ಸಿಕ್ಕಲಿಲ್ಲ. 1626ರಲ್ಲಿ ತನ್ನ ಪಾಡಿಗೆ ವಯಸ್ಸಾಗಿ ತೀರಿಕೊಂಡ. ಆಗದ ಗೆಲುವಿಗೆ ಇಷ್ಟು ಚೆಂದದ ಬಣ್ಣ, ಆದ ಸೂರೆಗೆ ಒಂದು ಗೆರೆಯೂ ಇಲ್ಲ. ತೊರವಿಯ ಕಮಾನುಗಳ ಕೆಳಗೆ ನಿಂತಾಗ ನನಗೆ ಈ ಚಿತ್ರ ನೆನಪಾಗಿ ಸಿಟ್ಟು ಬರುತ್ತದೆ, ಕಲಾವಿದನ ಕೈಚಳಕಕ್ಕೆ ಮನಸ್ಸು ಸೂರೆಹೋಗುತ್ತದೆ. ಎರಡೂ ಒಟ್ಟಿಗೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ 1680ರ ಸುಮಾರಿನ ಇನ್ನೊಂದು ಚಿತ್ರವಿದೆ: ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಬರೆದ ಆದಿಲಶಾಹಿ ವಂಶದ ಗುಂಪುಚಿತ್ರ. ಒಂಬತ್ತು ಸುಲ್ತಾನರು ಒಟ್ಟಿಗೇ ಕೂಡಿದ್ದಾರೆ, ನಮ್ಮ ಮನೆಗಳ ಪಡಸಾಲೆಯಲ್ಲಿ ಅಜ್ಜ ಮುತ್ತಜ್ಜರ ಫೋಟೊ ಸಾಲಾಗಿ ತೂಗುಹಾಕಿದಂತೆ. ಇರಾನಿನ ಶಾಹ ಮೂಲಪುರುಷ ಯೂಸುಫನಿಗೆ ರಾಜ್ಯದ ಕೀಲಿಕೈ ಕೊಡುತ್ತಿದ್ದಾನೆ. ಕೊನೆಯವನು ಸಿಕಂದರ್, ಇನ್ನೂ ಹುಡುಗ. ಆರೇ ವರ್ಷಕ್ಕೆ, 1686ರ ಸೆಪ್ಟೆಂಬರಿನಲ್ಲಿ, ವರ್ಷಕ್ಕೂ ಮಿಕ್ಕಿದ ಮುತ್ತಿಗೆಯ ಬಳಿಕ ಊರು ಔರಂಗಜೇಬನ ಪಾಲಾಯಿತು. ಅವನು ಬಂದ ಮಂಗೋಳಿ ದರವಾಜೆಗೆ ಫತೇ ದರವಾಜೆ ಎಂದು ಹೊಸ ಹೆಸರಾಯಿತು.

ಆ ಸೂರೆಯ ಚಿತ್ರ ಬೇಕೆಂದರೆ ಜಾಮಿ ಮಸೀದಿಗೆ ಹೋಗಬೇಕು, ಗೋಡೆ ಬಿಟ್ಟು ನೆಲ ನೋಡಬೇಕು. ತಾಳಿಕೋಟೆಯ ಗೆಲುವಿನ ಬಳಿಕ ಒಂದನೆಯ ಅಲಿ ಆದಿಲಶಾಹ ಕಟ್ಟಿಸಿದ ಮಸೀದಿ ಇದು. ಸೂರೆಯ ಹೊನ್ನು ಇದರ ಬುನಾದಿಗೆ ಹೋಯಿತೆಂಬುದು ಹಳೆಯ ಮಾತು. ನೆಲದ ಮೇಲೆ ಒಬ್ಬೊಬ್ಬ ನಮಾಜಿಗೆ ಒಂದೊಂದರಂತೆ 2,250 ಚೌಕಗಳ ಗೆರೆ ಎಳೆದಿದ್ದಾರೆ. ಇಲ್ಲಿದ್ದ ಮಖಮಲ್ಲಿನ ಜಮಖಾನೆಗಳನ್ನೂ ಚಿನ್ನದ ಸರಪಳಿಯನ್ನೂ ಔರಂಗಜೇಬ ಸಾಗಿಸಿದ, ಅವುಗಳ ಬದಲಿಗೆ ಈ ಗೆರೆ ಹಾಕಿಸಿದ ಎಂದು ಊರವರು ಹೇಳುತ್ತಾರೆ. ಸೂರೆ ಒಂದು ಜಾಗದಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಚಿತ್ರ ನಾನು ಬೇರೆ ನೋಡಿಲ್ಲ: ಜಮಖಾನೆಯ ಅಳತೆ ಇದೆ, ಜಮಖಾನೆ ಇಲ್ಲ. ಹತ್ತಿರದ ಅಸಾರ್ ಮಹಲಿನ ಕಥೆಯೂ ಇದೇ ಜಾಡಿನದು. ಮೇಲಂತಸ್ತಿನ ಗೋಡೆಚಿತ್ರಗಳಲ್ಲಿ ಮುಖಗಳು ಕೆರೆದುಹೋಗಿವೆ. ಅಲ್ಲಿಯ ಪುಸ್ತಕಗಳನ್ನು ಔರಂಗಜೇಬ ಗಾಡಿಗಳ ಮೇಲೆ ಹೇರಿದ ಎನ್ನುತ್ತಾರೆ. ಉಳಿದಿದ್ದ ನಾನೂರಕ್ಕೂ ಮಿಕ್ಕಿದ ಅರಬ್ಬಿ, ಫಾರಸಿ ಹಸ್ತಪ್ರತಿಗಳನ್ನು ಇಂಗ್ಲಿಷರು 1853ರಲ್ಲಿ ಲಂಡನ್ನಿಗೆ ಕಳಿಸಿದರು. ಈಗ ಬ್ರಿಟಿಷ್ ಲೈಬ್ರರಿಯಲ್ಲಿ ‘ಬಿಜಾಪುರ ಸಂಗ್ರಹ’ ಎಂದೇ ಅವುಗಳ ಹೆಸರು. ಮೊದಲ ಬಾರಿ ಹೋದದ್ದಕ್ಕೆ ಸೂರೆ ಎಂದರು, ಎರಡನೆಯದಕ್ಕೆ ಸಂರಕ್ಷಣೆ ಎಂದರು. ಗಾಡಿ ಹೊರಟ ಬಾಗಿಲು ಒಂದೇ.

ಲೋಕದ ಬೇರೆ ಕಡೆಯೂ ಗೆದ್ದವರ ಕಲೆ ಹೀಗೆಯೇ ಎಂದುಬಿಟ್ಟರೆ ತಪ್ಪಾದೀತು. ಅಸ್ಸೀರಿಯಾದ ಸೆನ್ನಾಖೆರಿಬ್ ಕ್ರಿಸ್ತಪೂರ್ವ 701ರಲ್ಲಿ ಲಾಕೀಶ್ ಪಟ್ಟಣ ಗೆದ್ದುದನ್ನು ನಿನೆವೆಯ ಅರಮನೆಯ ಗೋಡೆಗೆ ಕೆತ್ತಿಸಿದ. ಸೂರೆ ಹೊತ್ತ ಸಾಲು ಅವನ ಸಿಂಹಾಸನದ ಮುಂದೆ ಹಾಯುತ್ತದೆ. ರೋಮಿನ ಟೈಟಸ್ ಕಮಾನಿನ ಮೇಲೆ ಜೆರುಸಲೇಮಿನ ದೇಗುಲದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೆಗಲ ಮೇಲೆ ಹೊತ್ತು ಬರುತ್ತಾರೆ. ಆದರೆ ಗಮನಿಸಿ, ಎರಡೂ ಮೆರವಣಿಗೆಗಳು. ಅಲ್ಲಿ ಸೂರೆಗೆ ಶಿಸ್ತಿದೆ, ಜಾತ್ರೆಯ ಕಳೆಯಿದೆ. ಶಿಸ್ತು ತಪ್ಪಿದ ಸೂರೆಯನ್ನು ಎದುರಿಟ್ಟವನು ಫ್ರಾನ್ಸ್ ಕಡೆಯ ಜಾಕ್ ಕಾಲೊ. ನಮ್ಮ ತೋಪು ಪರಾಂಡದಿಂದ ಬಂದ ಮರುವರ್ಷವೇ, 1633ರಲ್ಲಿ, ಅವನು 18 ಪುಟ್ಟ ಅಚ್ಚುಚಿತ್ರಗಳನ್ನು ಹೊರತಂದ. ಒಂದರಲ್ಲಿ ರೈತನ ಮನೆಗೆ ಸೈನಿಕರು ನುಗ್ಗಿದ್ದಾರೆ. ಒಬ್ಬನನ್ನು ಬೆಂಕಿಯ ಮೇಲೆ ತಲೆಕೆಳಗಾಗಿ ತೂಗಿದ್ದಾರೆ. ಸ್ಪೇನಿನ ಗೋಯಾ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದ. ಅವನ ಯುದ್ಧದ ಅಚ್ಚುಚಿತ್ರಗಳು ಹೊರಬಂದದ್ದು ಅವನು ಸತ್ತು 35 ವರ್ಷಗಳಾದ ಮೇಲೆ, 1863ರಲ್ಲಿ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ರಾತ್ರಿಯ ಲೂಟಿಯೂ ಕಡಿಮೆಯದಲ್ಲ. ಆದರೆ ಇಂಗ್ಲಿಷರು ಬರೆಸಿದ್ದು ಕೋಟೆ ಹತ್ತುವ ಧೀರರನ್ನು, ಟಿಪ್ಪುವಿನ ಹೆಣವನ್ನು. ಪದಕಕ್ಕೆ ಮಾತ್ರ ಹುಲಿಯನ್ನು ಕೆಡವಿದ ಸಿಂಹವನ್ನು ಅಚ್ಚು ಹಾಕಿಸಿದರು. ಶೆರ್ಜಾ ಬುರುಜಿನ ಆನೆ ನೆನಪಾಗುತ್ತದೆ. ಮನುಷ್ಯ ಮಾಡಿದ್ದನ್ನು ಮೃಗದ ತಲೆಗೆ ಕಟ್ಟುವುದು ಹಳೆಯ ಉಪಾಯ.

ಇದೆಲ್ಲ ಸುಲ್ತಾನರ ಕಾಲದ್ದು ಎಂದುಕೊಳ್ಳುವವರು ಹೊತ್ತೂರಿನ ಶಾಸನ ಓದಬೇಕು. 1007ರ ಸುಮಾರಿನದು. ಚೋಳ ರಾಜರಾಜನ ಮಗ ಒಂಬತ್ತು ಲಕ್ಷದ ದಂಡಿನೊಡನೆ ದೋಣವೂರಿನವರೆಗೆ ಬಂದು ನಾಡನ್ನು ಸೂರೆ ಮಾಡಿದ, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಬಿಡಲಿಲ್ಲ, ಚಾಲುಕ್ಯ ಇರಿವಬೆಡಂಗ ಸತ್ಯಾಶ್ರಯ ಅವನನ್ನು ಓಡಿಸಿದ ಎನ್ನುತ್ತದೆ. ದೋಣವೂರು ಎಂದರೆ ನಮ್ಮ ಜಿಲ್ಲೆಯ ಡೋಣೂರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಒಂಬತ್ತು ಲಕ್ಷ ಉತ್ಪ್ರೇಕ್ಷೆಯೇ ಸರಿ. ಆದರೆ ದಂಡು ಈ ಕಡೆಗೇ ಏಕೆ ಬಂತೆಂದು ಬಬಲೇಶ್ವರ, ಸಾರವಾಡದ ರೈತರನ್ನು ಕೇಳಬೇಕಾಗಿಲ್ಲ. ಡೋಣಿ ಹರಿದರೆ ಓಣೆಲ್ಲ ಜೋಳ ಎನ್ನುವ ನೆಲ ಇದು. ದಂಡು ನಡೆಯುವುದು ಹೊಟ್ಟೆಯ ಮೇಲೆ. ಮುಂದೆ 1045ರ ಸುಮಾರಿಗೆ ಚೋಳ ರಾಜಾಧಿರಾಜ ಕಲ್ಯಾಣವನ್ನು, ಎಂದರೆ ಇಂದಿನ ಬಸವಕಲ್ಯಾಣವನ್ನು, ಸುಟ್ಟು ಒಂದು ದ್ವಾರಪಾಲಕನ ಮೂರ್ತಿಯನ್ನು ಹೊತ್ತೊಯ್ದ. ಕಲ್ಯಾಣಪುರವನ್ನು ಸುಟ್ಟು ತಂದದ್ದು ಎಂದು ಅದರ ಪೀಠಕ್ಕೆ ತಮಿಳಿನಲ್ಲಿ ಬರೆಸಿದ. ಬಾಗಿಲು ಕಾಯಲು ನಿಂತವನೇ ಕಳುವಾದ! ತಂಜಾವೂರಿನಲ್ಲಿ ಅವನು ಈಗಲೂ ಕಾವಲಿಗೆ ನಿಂತಿದ್ದಾನೆ, ಬಾಗಿಲು ಮಾತ್ರ ಇಲ್ಲ. ಇದಕ್ಕೂ ಮುನ್ನೂರು ವರ್ಷ ಹಿಂದೆ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಕೈಲಾಸನಾಥ ದೇಗುಲದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದಿದ್ದ. ಸೂರೆ ಮಾಡದಿದ್ದುದೇ ಶಾಸನ ಹಾಕಿಸುವಷ್ಟು ದೊಡ್ಡ ಸುದ್ದಿ ಎಂದರೆ, ಮಾಡುವುದು ಎಷ್ಟು ಮಾಮೂಲಾಗಿತ್ತೋ ಲೆಕ್ಕ ಹಾಕಿ.

ಹಾಗಾದರೆ ಸೂರೆಯ ಗಳಿಗೆಯನ್ನು ಬರೆದವರು ಯಾರು? ಉತ್ತರ ವಿಜಯಪುರದ ಅರಮನೆಗಳಲ್ಲಿಲ್ಲ, ಸುತ್ತಲಿನ ಊರುಗಳ ಅಗಸಿಗಳಲ್ಲಿದೆ. ವೀರಗಲ್ಲುಗಳಲ್ಲಿ. ಹಣಮಪ್ಪನ ಗುಡಿಯ ಕಟ್ಟೆಗೆ ಒರಗಿಸಿದ್ದು, ಬಾವಿಯ ದಂಡೆಗೆ ಹಾಸಿದ್ದು, ಅರ್ಧ ಹುಗಿದದ್ದು ಹೀಗೆ ಕರ್ನಾಟಕದ ಉದ್ದಕ್ಕೂ ಸಾವಿರಗಟ್ಟಲೆ ಇವೆ. ಇವುಗಳಲ್ಲಿ ಬಹಳಷ್ಟು ‘ತುರುಗೊಳ್’ ಕಲ್ಲುಗಳು. ತುರು ಎಂದರೆ ದನ. ಬೇರೆ ಊರಿನ ದಂಡು ದನ ಹೊಡೆದುಕೊಂಡು ಹೊರಟಾಗ ಬೆನ್ನಟ್ಟಿ ಬಿಡಿಸಿ ತಂದು ಸತ್ತವನ ನೆನಪಿಗೆ ನೆಟ್ಟವು. ಇಡೀ ಊರು ಹಾಳಾದರೆ ‘ಊರಳಿವು’, ಹೆಂಗಸರ ಮಾನಕ್ಕಾಗಿ ಕಾದಿದರೆ ‘ಪೆಣ್ಬುಯ್ಯಲ್’. ಸೂರೆಯ ಒಂದೊಂದು ಬಗೆಗೂ ಹಳಗನ್ನಡದಲ್ಲಿ ಒಂದೊಂದು ಹೆಸರು. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯಲ್ಲಿ ಕಾಳಗ, ಅಲ್ಲೇ ಒತ್ತೊತ್ತಾಗಿ ದನಗಳು. ನಡುವೆ ದೇವಕನ್ನಿಕೆಯರು ಸತ್ತವನನ್ನು ಹೊತ್ತೊಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕುಳಿತಿದ್ದಾನೆ, ತುದಿಗೆ ಸೂರ್ಯ ಚಂದ್ರ. ಗೆದ್ದರೆ ಸಿರಿ, ಸತ್ತರೆ ದೇವಕನ್ನಿಕೆ ಎಂಬರ್ಥದ ಸಂಸ್ಕೃತ ಶ್ಲೋಕವೂ ಕೆಲವಲ್ಲಿ ಇರುತ್ತದೆ. ಗೆದ್ದವನಿಗೆ ಸಿಗುವ ಸಿರಿ ಯಾರ ಮನೆಯದೆಂದು ಶ್ಲೋಕ ಹೇಳುವುದಿಲ್ಲ. ಅಡಿಯ ಪಟ್ಟಿಕೆಯ ದನಗಳು ಹೇಳುತ್ತವೆ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಕಲ್ಲು ಕಡೆಸಿದವರು ಸುಲ್ತಾನರಲ್ಲ, ಚಕ್ರವರ್ತಿಗಳಲ್ಲ. ಹೆಚ್ಚಾಗಿ ಮಕ್ಕಳು, ತಮ್ಮಂದಿರು, ಊರಿನ ಹಿರಿಯರು. ಅವರಿಗೆ ಮರೆಮಾಚುವಂಥದ್ದು ಏನಿತ್ತು?

ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಒಂದು ಹಳ್ಳಿಯಲ್ಲಿ ಅಂಥದೊಂದು ಕಲ್ಲಿನ ಮುಂದೆ ಕುಳಿತಿದ್ದೆ. ಎಣ್ಣೆ ಕುಡಿದು ಕರ್ರಗಾಗಿತ್ತು, ಮುಖಗಳು ಸವೆದಿದ್ದವು, ದನಗಳ ಕೊಂಬು ಮಾತ್ರ ಬೆರಳಿಗೆ ಸಿಗುತ್ತಿದ್ದವು. ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತರು.

“ಏನ್ ನೋಡಾಕತ್ತೀರಿ ಸರ?”

“ಈ ಕಲ್ಲಾಗ ದನ ಅದಾವಲ್ರೀ ಕಾಕಾ, ಎಷ್ಟದಾವ ಅಂತ ಎಣಸಾಕತ್ತೀನಿ.”

ಅವರು ಬಗ್ಗಿ, ಹೆಬ್ಬೆರಳಿನಿಂದ ಮಣ್ಣು ಕೆದರಿ, ನೆಲದೊಳಗೆ ಹೂತಿದ್ದ ಇನ್ನೊಂದು ಮೂತಿಯನ್ನು ತೋರಿಸಿದರು. “ಐದ್ರೀ. ಇದೊಂದು ಕೆಳಗ ಉಳದೈತಿ. ಮಾರಿ ನೋಡ್ರಿ, ಎಲ್ಲಾ ಊರ ಕಡೆ ಮಾಡ್ಯಾವ. ಮನಿಗೆ ಬರಾಕತ್ತಾವ.”

ರಸ್ತೆ ಅಗಲ ಮಾಡುವಾಗ ಕಲ್ಲನ್ನು ಕಿತ್ತು ಈಚೆ ನಿಲ್ಲಿಸಿದರೆಂದು ಆಮೇಲೆ ಅವರೇ ಹೇಳಿದರು. ಮೊದಲು ಅದರ ದಿಕ್ಕು ಯಾವುದಿತ್ತೋ ಅವರಿಗೂ ನೆನಪಿರಲಿಲ್ಲ. ಎಮ್ಮೆಗಳು ಅಷ್ಟರಲ್ಲಿ ಅಗಸಿ ದಾಟಿದ್ದವು. ಅವರು ಹೋ ಹೋ ಎನ್ನುತ್ತ ಹಿಂದೆ ನಡೆದರು.